ಆಡಿಟರ್ ಬಾಯಿ ಬಿಟ್ಟರೆ ತಪ್ಪೇನು?

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಸಾವಿರಾರು ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸ್ ಬಂದ ಸುದ್ದಿ ಎಲ್ಲರ ಮೊಬೈಲಿಗೂ ಮುಟ್ಟಿತು. ಅಂಗಡಿಗಳ ಕ್ಯುಆರ್ ಕೋಡ್ ಕಿತ್ತುಬಂತು. ಆ ಜಾಗಕ್ಕೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಬಂತು. 25ರಂದು ಬಂದ್ ಎಂದರು. 23ರಂದು ಮುಖ್ಯಮಂತ್ರಿ ವ್ಯಾಪಾರಿಗಳ ಸಭೆ ಕರೆದು, ತೆರಿಗೆ ವಿನಾಯಿತಿ ಇರುವ ಸರಕಿನವರಿಗೆ ಕೊಟ್ಟ ನೋಟಿಸ್ ಕೈಬಿಡುತ್ತೇವೆ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದ ಮೇಲೆ ಬಿಸಿ ಆರಿತು.

ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ ಎಂಬುದು ಆಡಿಟರ್ ಕಚೇರಿಗೆ ಹೊಸದಾಗಿ ಸೇರಿದ ಹುಡುಗನಿಗೂ ಗೊತ್ತಿರುವ ಸಂಗತಿ. ಗೊತ್ತಿದ್ದವರು ಆ ದಿನಗಳಲ್ಲಿ ಎಲ್ಲಿದ್ದರು? ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮಾತಾಡಿದ್ದು ಬಹುಪಾಲು ಗೊತ್ತಿಲ್ಲದವರೇ.

ಮಳವಳ್ಳಿಯ ಒಂದು ಚಿಲ್ಲರೆ ಅಂಗಡಿ ಇದೆ ಎಂದುಕೊಳ್ಳಿ. ದಿನಕ್ಕೆ 12 ಸಾವಿರ ರೂಪಾಯಿ ವ್ಯಾಪಾರ. ಅದರಲ್ಲಿ 7 ಸಾವಿರ ಹಾಲಿನದು, ಉಳಿದದ್ದು ಸೋಪು, ಬಿಸ್ಕತ್ತು. ವರ್ಷಕ್ಕೆ 43.80 ಲಕ್ಷ. ಹಾಲಿಗೆ ತೆರಿಗೆ ಇಲ್ಲ ನಿಜ, ಆದರೆ ಜಿಎಸ್‌ಟಿ ನೋಂದಣಿಯ 40 ಲಕ್ಷದ ಮಿತಿ ದಾಟಿದೆಯೇ ಎಂದು ನೋಡುವಾಗ ಹಾಲಿನ ದುಡ್ಡೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ನೋಂದಣಿ ಕಡ್ಡಾಯ. ರಾಜಿ ತೆರಿಗೆ ಪದ್ಧತಿಗೆ ಸೇರಿದರೆ ತೆರಿಗೆ ಬೀಳುವ 18.25 ಲಕ್ಷಕ್ಕೆ ಶೇ 1ರಂತೆ ವರ್ಷಕ್ಕೆ 18,250 ರೂಪಾಯಿ, ಅಂದರೆ ದಿನಕ್ಕೆ 50. ಮಗಳು ಬೆಂಗಳೂರಿನಿಂದ ಕಳಿಸಿದ ಹಣ, ಚೀಟಿ ಎತ್ತಿದ ದುಡ್ಡು, ಕೈಸಾಲ ಇವು ಯುಪಿಐನಲ್ಲಿ ಬಂದರೂ ವಹಿವಾಟಲ್ಲ. ದಾಖಲೆ ಇಟ್ಟು ತೋರಿಸಿದರಾಯಿತು. ‘ಏನ್ ಸಾರ್, ನಂಗೂ ನೋಟಿಸ್ ಬತ್ತದಾ?’ ಎಂದು ಕೇಳುವವನಿಗೆ ಬೇಕಿದ್ದದ್ದು ಇಷ್ಟೇ ಉತ್ತರ, ಎರಡು ನಿಮಿಷದ್ದು.

ಮದ್ದೂರಿನ ಲೆಕ್ಕ ಬೇರೆ. ಎಳನೀರು ಮಾರುಕಟ್ಟೆಯ ವ್ಯಾಪಾರಿ ಕೋಟಿ ದಾಟಿದರೂ ಬರೀ ಎಳನೀರನ್ನೇ ಮಾರುತ್ತಿದ್ದರೆ ನೋಂದಣಿ ಬೇಕಿಲ್ಲ. ವಡೆ ಹೋಟೆಲಿನದು ಸೇವೆ, ಮಿತಿ 20 ಲಕ್ಷ. ದಿನಕ್ಕೆ ಐದೂವರೆ ಸಾವಿರ ರೂಪಾಯಿ ಗಲ್ಲಾ ಆದರೆ ಮಿತಿಗೆ ಬಂದಂತೆ. ಮಂಡ್ಯದ ಬೆಲ್ಲ ಇನ್ನೂ ಸೂಕ್ಷ್ಮ. ಸಡಿಲವಾಗಿ ಮಾರಿದರೆ ತೆರಿಗೆ ಇಲ್ಲ. ಪ್ಯಾಕೆಟ್ ಮಾಡಿ ಲೇಬಲ್ ಹಚ್ಚಿದರೆ 2022ರ ಜುಲೈ 18ರಿಂದ ಶೇ 5. ಆಲೆಮನೆಯ ರೀಲ್ಸ್ ಮಾಡಿ, ಇನ್‌ಸ್ಟಾಗ್ರಾಂನಲ್ಲಿ ಆರ್ಡರ್ ಹಿಡಿದು, ಲೇಬಲ್ ಹಚ್ಚಿದ ಒಂದು ಕೆ.ಜಿ. ಪ್ಯಾಕೆಟನ್ನು ಚೆನ್ನೈಗೆ ಕೊರಿಯರ್ ಮಾಡುವ ಹುಡುಗನಿಗೆ 40 ಲಕ್ಷದ ವಿನಾಯಿತಿಯೂ ಇಲ್ಲ. ತೆರಿಗೆ ಬೀಳುವ ಸರಕು ರಾಜ್ಯದ ಗಡಿ ದಾಟಿದರೆ ಮೊದಲ ಪಾರ್ಸೆಲ್‌ನಿಂದಲೇ ನೋಂದಣಿ ಬೇಕು. ಇದನ್ನು ಅವನಿಗೆ ಕನ್ನಡದಲ್ಲಿ ಹೇಳಿದವರು ಯಾರು?

ಚಾರ್ಟರ್ಡ್ ಅಕೌಂಟೆಂಟ್‌ಗಳ (ಸಿಎ) ಮೌನಕ್ಕೆ ಕಾರಣ ಸೋಮಾರಿತನ ಒಂದೇ ಅಲ್ಲ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ ಜಾಹೀರಾತು ಕೊಟ್ಟು ಗಿರಾಕಿ ಹಿಡಿಯುವುದನ್ನು ವೃತ್ತಿದೋಷ ಎನ್ನುತ್ತದೆ. ಅವರ ಸಂಸ್ಥೆಯಾದ ಐಸಿಎಐನ 2020ರ ನೀತಿಸಂಹಿತೆ ಶೈಕ್ಷಣಿಕ ವಿಡಿಯೊಗಳಿಗೆ ಒಪ್ಪಿತು. ಆದರೆ ಅದರಲ್ಲಿ ಫರ್ಮಿನ ಹೆಸರು, ಫೋನ್ ನಂಬರ್, ವೆಬ್‌ಸೈಟ್ ವಿಳಾಸ ಇರಕೂಡದು ಎಂದಿತು. ಉದ್ದೇಶ ಒಳ್ಳೆಯದೇ. ಆದರೆ ನಮ್ಮ ಊರುಗಳಲ್ಲಿ ರಿಟರ್ನ್ಸ್ ತುಂಬಿಕೊಡುವವರೆಲ್ಲ ‘ಆಡಿಟರೇ’. ಸಿಎ ಅಲ್ಲದವರನ್ನು ಈ ನಿಯಮ ಕಟ್ಟಿಹಾಕುವುದಿಲ್ಲ. ಓದಿ ಪಾಸಾದವರು ಫರ್ಮಿನ ಹೆಸರು ಮರೆಸಿಕೊಂಡು ಮಾತಾಡಬೇಕು, ಉಳಿದವರು ಮೊಬೈಲ್ ನಂಬರನ್ನು ದಪ್ಪಕ್ಷರದಲ್ಲಿ ಹಾಕಿಕೊಳ್ಳಬಹುದು!

ಆ ನಂಬರಿಗೆ ಕರೆ ಮಾಡಿದವರ ಕಥೆಯೂ 2025ರ ಅದೇ ಜುಲೈನಲ್ಲಿ ಹೊರಬಿತ್ತು. ಸುಳ್ಳು ದೇಣಿಗೆ, ಸುಳ್ಳು ಬಾಡಿಗೆ ತೋರಿಸಿ ರಿಫಂಡ್ ಕೊಡಿಸುತ್ತಿದ್ದ ಜಾಲಗಳ ಮೇಲೆ ಆದಾಯ ತೆರಿಗೆ ಇಲಾಖೆ 14ರಂದು ದೇಶದ 150 ಕಡೆ ಶೋಧ ನಡೆಸಿತು. ಅದಕ್ಕೂ ಮೊದಲಿನ ನಾಲ್ಕು ತಿಂಗಳಲ್ಲಿ ಸುಮಾರು 40 ಸಾವಿರ ಮಂದಿ 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮುಗಳನ್ನು ತಾವಾಗಿ ಹಿಂದಕ್ಕೆ ಪಡೆದಿದ್ದರು. ಇಲ್ಲಿ ಬಲಿಯಾಗುವವರು ಸಂಬಳದಾರರು. ಶಿಕ್ಷಕರಿಗೋ ಪೊಲೀಸರಿಗೋ ರಿಫಂಡಿನ ಆಸೆ ಹುಟ್ಟಿಸಿ ಕಮಿಷನ್ ಹೊಡೆದವನು ನಂಬರ್ ಬದಲಿಸುತ್ತಾನೆ. ದಂಡದ ನೋಟಿಸ್ ಬರುವುದು ಪಾನ್ ಕಾರ್ಡ್ ಯಾರದೋ ಅವರಿಗೆ.

ಹೂಡಿಕೆ ಸಲಹೆಯಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಹಿಡಿದ ದಾರಿ ಇದಕ್ಕೆ ತಿರುವುಮುರುವು. ಅದರ 2023ರ ಜಾಹೀರಾತು ಸಂಹಿತೆಯಂತೆ ನೋಂದಾಯಿತ ಸಲಹೆಗಾರ ತನ್ನ ಹೆಸರು, ನೋಂದಣಿ ಸಂಖ್ಯೆ ಕಾಣಿಸಲೇಬೇಕು. ಇಷ್ಟು ಲಾಭ ಗ್ಯಾರಂಟಿ ಎನ್ನುವಂತಿಲ್ಲ. ‘ಬಾಪ್ ಆಫ್ ಚಾರ್ಟ್’ ಹೆಸರಿನಲ್ಲಿ ನೋಂದಣಿಯಿಲ್ಲದೆ ಷೇರು ಸಲಹೆ ಕೊಡುತ್ತಿದ್ದವರ ಸುಮಾರು 17 ಕೋಟಿ ರೂಪಾಯಿ ಗಳಿಕೆಯನ್ನು ಅದೇ ವರ್ಷ ಸೆಬಿ ತಡೆಹಿಡಿಯಿತು. ಬರೀ ಪಾಠ ಹೇಳುತ್ತೇವೆ ಎನ್ನುವವರು ಹಿಂದಿನ ಮೂರು ತಿಂಗಳ ಷೇರು ಬೆಲೆಗಳನ್ನು ಬಳಸುವಂತಿಲ್ಲ ಎಂದು 2025ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಇದರಿಂದ ಟೆಲಿಗ್ರಾಂ ಗುರುಗಳು ಮಾಯವಾಗಿಲ್ಲ. ಆದರೆ ಪರೀಕ್ಷಿಸಿ ನೋಡಲು ಜನರ ಕೈಗೆ ಒಂದು ಸಂಖ್ಯೆಯಾದರೂ ಸಿಕ್ಕಿದೆ.

ಐಸಿಎಐ ಮಾಡಬೇಕಾದದ್ದೂ ಇದನ್ನೇ. ಶೈಕ್ಷಣಿಕ ವಿಡಿಯೊದಲ್ಲಿ ಸದಸ್ಯತ್ವ ಸಂಖ್ಯೆ ಮತ್ತು ಊರಿನ ಹೆಸರು ಕಡ್ಡಾಯ ಎನ್ನಲಿ. ಶುಲ್ಕದ ಮಾತು, ‘ನಮ್ಮಲ್ಲಿಗೇ ಬನ್ನಿ’ ಎಂಬ ಕರೆ ಬೇಡ ಎನ್ನಲಿ. ಲೈಕು, ಫಾಲೋವರ್ಸ್ ಎಣಿಸುತ್ತಾ ಕೂರುವುದು ಲೆಕ್ಕಿಗರಿಗೆ ಶೋಭಿಸದು. ಕಾಮೆಂಟಿನಲ್ಲಿ ಬಂದ ಪ್ರಶ್ನೆಗೆ ನಿಯಮ ತಿಳಿಸಿ, ನಿಮ್ಮ ಪ್ರಕರಣಕ್ಕೆ ಕಾಗದಪತ್ರ ನೋಡದೆ ಹೇಳಲಾಗದು ಎನ್ನುವುದೇ ಈ ವೃತ್ತಿಗೆ ತಕ್ಕ ಒಡನಾಟ. ಗಿರಾಕಿಯ ಹೆಸರು, ಅಂಕಿಅಂಶಗಳನ್ನು ಉದಾಹರಣೆಗೆಂದೂ ಎಳೆದು ತರಬಾರದು.

ಮಂಡ್ಯದ ಸಿಎಗಳು ಅಲ್ಲಿಯವರೆಗೆ ಕಾಯಬೇಕಿಲ್ಲ. ಬೆಲ್ಲ, ಎಳನೀರು, ರೇಷ್ಮೆಗೂಡು, ವಡೆ ಹೋಟೆಲ್ ಒಂದೊಂದಕ್ಕೂ ಎರಡು ನಿಮಿಷದ ಕನ್ನಡ ವಿಡಿಯೊ ಮಾಡಲು ಐಸಿಎಐನ ನಿಯಮವೇನೂ ಅಡ್ಡಿಯಲ್ಲ. ಓದುಗರಲ್ಲಿ ಒಂದು ಮನವಿ: ಹೂಡಿಕೆ ಸಲಹೆಗಾರರ ಸೆಬಿ ನೋಂದಣಿ ಸಂಖ್ಯೆ ‘ಐಎನ್‌ಎ’ ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುತ್ತದೆ. ದುಡ್ಡು ಕೊಡುವ ಮೊದಲು ಅದನ್ನು ಕೇಳಿ, ಸೆಬಿ ವೆಬ್‌ಸೈಟಿನಲ್ಲಿ ಹುಡುಕಿ ನೋಡಿ.