ಐದನೆಯ ತಿಂಗಳ ಪರೀಕ್ಷೆ

ಅಂಗಡಿ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಮ್ಮ ಕಡೆ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ. ಹತ್ತು ನಿಮಿಷ ಮುಂಚೆ ಹೋಗು. ಓನರ್ ಎದುರಿಗೆ ಮೊಬೈಲ್ ತೆಗೆಯಬೇಡ. ಗಿರಾಕಿ ಬೈದರೂ ನಗುತ್ತಿರು. ಆರು ತಿಂಗಳು ರಜೆ ಅಂತ ಬಾಯಿ ಬಿಡಬೇಡ, ಆಮೇಲೆ ಎಲ್ಲ ಸರಿಹೋಗುತ್ತೆ. ಆಲೂರಿನ ಬಸ್ ನಿಲ್ದಾಣದಲ್ಲಿ, ಸಕಲೇಶಪುರದ ಮದುವೆ ಮನೆಗಳಲ್ಲಿ, ಪಿಯುಸಿ ಮುಗಿಸಿದ ಹುಡುಗಿಯರಿಗೆ ಅಕ್ಕಂದಿರು, ಚಿಕ್ಕಮ್ಮಂದಿರು ಇದನ್ನೇ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಪ್ರೀತಿಯ ಮಾತಿನಲ್ಲಿ ಒಂದು ಸುಳ್ಳು ಅಡಗಿದೆ. ಕೆಲಸ ಉಳಿಯುವುದೂ ಹೋಗುವುದೂ ಸೇರಿದವಳ ನಡತೆಗೆ ಬಿಟ್ಟದ್ದು ಎನ್ನುವ ಸುಳ್ಳು.

ಮಲೆನಾಡಿನ ನಮ್ಮ ಪಟ್ಟಣಗಳ ಅಂಗಡಿಗಳಲ್ಲಿ 'ಪ್ರೊಬೇಷನ್' ಹೆಸರಿನಲ್ಲಿ ನಡೆಯುತ್ತಿರುವುದನ್ನು ಪರೀಕ್ಷೆ ಎಂದು ಕರೆಯಲು ನನಗೆ ಸಾಧ್ಯವಿಲ್ಲ. ಪರೀಕ್ಷೆ ಎಂದಮೇಲೆ ಪ್ರಶ್ನೆ ಏನೆಂದು ಬರೆದವನಿಗೆ ಗೊತ್ತಿರಬೇಕು, ಫಲಿತಾಂಶಕ್ಕೆ ಕಾರಣ ಇರಬೇಕು. ಇಲ್ಲಿ ಎರಡೂ ಇಲ್ಲ.

ಸರ್ಕಾರಿ ನೌಕರಿಯನ್ನೇ ನೋಡಿ. 1977ರ ಕರ್ನಾಟಕ ಸಿವಿಲ್ ಸೇವಾ ಪ್ರೊಬೇಷನ್ ನಿಯಮಗಳ ಪ್ರಕಾರ ಅಲ್ಲಿ ಕನಿಷ್ಠ 2 ವರ್ಷದ ಪ್ರೊಬೇಷನ್ ಇದೆ. ಅವಧಿ ಎಷ್ಟು, ಎಷ್ಟರವರೆಗೆ ಮುಂದುವರಿಸಬಹುದು, ಯಾವ ಕಾರಣಕ್ಕೆ ಬಿಡುಗಡೆ ಮಾಡಬಹುದು ಎಲ್ಲವೂ ಬರಹದಲ್ಲಿದೆ. ನಮ್ಮ ಸಂಶೋಧನೆಯ ಲೋಕದಲ್ಲೂ ಅಷ್ಟೆ. ಜೆಆರ್‌ಎಫ್ ಪಡೆದ ಗೆಳೆಯರನ್ನು 2 ವರ್ಷದ ನಂತರ ಒಂದು ಸಮಿತಿ ಕೂರಿಸಿ ಕೇಳುತ್ತದೆ, ಒಪ್ಪಿದರೆ ಎಸ್‌ಆರ್‌ಎಫ್‌ಗೆ ಏರಿಸುತ್ತದೆ. ಆ ದಿನಕ್ಕೆ ನಾವು ಅಧ್ಯಾಯಗಳನ್ನು ತಿದ್ದಿಕೊಂಡು, ಉತ್ತರಗಳನ್ನು ಹೊಂದಿಸಿಕೊಂಡು ಹೋಗುತ್ತೇವೆ. ಸೀರೆ ಸೆಕ್ಷನ್ನಿನಲ್ಲಿ ನಿಂತ ಹುಡುಗಿ ಏನು ಹೊಂದಿಸಿಕೊಳ್ಳಬೇಕು? ಅವಳಿಗೆ ಸಿಲೆಬಸ್ ಕೊಟ್ಟವರು ಯಾರು?

ಎಂಎ ಮುಗಿದು ಪಿಎಚ್‌ಡಿಗೆ ಸೀಟು ಸಿಗುವವರೆಗಿನ ಬಿಡುವಿನಲ್ಲಿ ನಾನೂ ಸಕಲೇಶಪುರದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡಿದೆ. ಅಂಗಡಿಯ ಹೆಸರು ಬೇಡ. ಒಂದು ಅಂಗಡಿಯ ಮೇಲೆ ದೂರು ಹೇಳುವುದು ನನ್ನ ಉದ್ದೇಶವೂ ಅಲ್ಲ. ಸೇರುವ ದಿನ ಆಧಾರ್ ಜೆರಾಕ್ಸ್ ತೆಗೆದುಕೊಂಡರು, ಯೂನಿಫಾರ್ಮ್ ದುಡ್ಡು ಮೊದಲ ಸಂಬಳದಲ್ಲಿ ಹಿಡಿಯುತ್ತೇವೆ ಎಂದರು, 'ಆರು ತಿಂಗಳು ನೋಡೋಣ' ಎಂದರು. ಏನನ್ನು ನೋಡುತ್ತಾರೆ ಎಂದು ಹೇಳಲಿಲ್ಲ. ಕಾಗದ ಕೊಡಲಿಲ್ಲ. ನನ್ನ ಜೊತೆ ಫೆಬ್ರವರಿಯಲ್ಲಿ ಸೇರಿದ ನಾಲ್ವರಲ್ಲಿ ಇಬ್ಬರಿಗೆ ಆಷಾಢ ಶುರುವಾಗುವ ಹೊತ್ತಿಗೆ 'ಸೋಮವಾರದಿಂದ ಬರೋದು ಬೇಡಮ್ಮ' ಎಂದರು. ಅವರಲ್ಲಿ ಒಬ್ಬಳು ನಮ್ಮೆಲ್ಲರಿಗಿಂತ ಹೆಚ್ಚು ಸೀರೆ ಮಾರುತ್ತಿದ್ದವಳು. ದಸರಾ ಹತ್ತಿರ ಬಂದಾಗ ಅವಳಿಗೇ ಫೋನ್ ಮಾಡಿ ಮತ್ತೆ ಕರೆದರು. ಮತ್ತೆ ಹೊಸಬಳಾಗಿ. ಮತ್ತೆ 'ಆರು ತಿಂಗಳು ನೋಡೋಣ'.

ಇದನ್ನು ಕ್ಯಾಲೆಂಡರಿನ ಪಕ್ಕ ಇಟ್ಟು ಓದಿ. ಕಾಫಿ ಕೊಯ್ಲಿನ ದುಡ್ಡು ಕೈಗೆ ಬರುವುದು, ಮದುವೆಗಳು ಸಾಲುಗಟ್ಟುವುದು, ಯುಗಾದಿ ಬರುವುದು ಎಲ್ಲ ವರ್ಷದ ಮೊದಲ ಅರ್ಧದಲ್ಲಿ. ಆಗ ಅಂಗಡಿಗೆ ಕೈಗಳು ಬೇಕು. ಜೂನ್ ಬಂತೆಂದರೆ ಮಳೆ, ಆಷಾಢ, ಖಾಲಿ ಕೌಂಟರ್. ಫೆಬ್ರವರಿಯಲ್ಲಿ ಸೇರಿದವಳಿಗೆ ಸರಿಯಾಗಿ ಐದನೆಯ ತಿಂಗಳು. ನಮ್ಮಲ್ಲಿ ಪ್ರೊಬೇಷನ್ನಿನ ಫಲಿತಾಂಶವನ್ನು ಪ್ರಕಟಿಸುವುದು ಮುಂಗಾರು. ಹುಡುಗಿ ಮಾತ್ರ ತಾನು ಎಲ್ಲೋ ಕಡಿಮೆ ನಕ್ಕೆನೇನೋ ಎಂದುಕೊಂಡು ಮನೆಗೆ ಹೋಗುತ್ತಾಳೆ.

ಐದನೆಯ ತಿಂಗಳೇ ಏಕೆ? ಇದಕ್ಕೆ ಮಳೆಯ ಜೊತೆಗೆ ಇನ್ನೊಂದು ಕಾರಣವಿದೆ. ಅದು ಕಾನೂನಿನಲ್ಲಿದೆ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಮು ಹೀಗೆನ್ನುತ್ತದೆ: ಸತತ 6 ತಿಂಗಳು ಸೇವೆ ಸಲ್ಲಿಸಿದ ಕೆಲಸಗಾರರನ್ನು ಸರಿಯಾದ ಕಾರಣವಿಲ್ಲದೆ, 1 ತಿಂಗಳ ಮುಂಗಡ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡದೆ, ತೆಗೆಯುವಂತಿಲ್ಲ. ದುರ್ನಡತೆ ಎಂದರೆ ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಬೇಕು. ತೆಗೆದರೆ ಮೇಲ್ಮನವಿಗೆ ದಾರಿಯಿದೆ. ಈ ಕಲಮು ಲೆಕ್ಕ ಹಿಡಿಯುವುದು ಸೇವೆಯ ತಿಂಗಳುಗಳನ್ನು. 'ಕಾಯಂ ಆಗಿದ್ದೀಯಾ' ಎಂಬ ಪ್ರಶ್ನೆಯನ್ನು ಅದು ಕೇಳುವುದಿಲ್ಲ. ಅಂಗಡಿಯವರು 'ನಿನ್ನ ಪ್ರೊಬೇಷನ್ ಇನ್ನೂ ಮೂರು ತಿಂಗಳು ಮುಂದುವರಿಸಿದ್ದೇವೆ' ಎಂದರೂ ಆರು ತಿಂಗಳು ದಾಟಿದವಳು ದಾಟಿದವಳೇ. ಅದಕ್ಕೇ ದಾಟಲು ಬಿಡುವುದಿಲ್ಲ.

ಅದೇ ಕಾಯ್ದೆಯಲ್ಲಿ, ಕೆಲಸಕ್ಕೆ ಸೇರಿದ 30 ದಿನದೊಳಗೆ ಹುದ್ದೆ, ಸಂಬಳ, ಷರತ್ತು ಬರೆದ ನೇಮಕಾತಿ ಪತ್ರ ಕೊಡಬೇಕು ಎಂದಿದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯಿದೆ. ವಾರಕ್ಕೊಂದು ರಜೆ ಇದೆ. ಪ್ರೊಬೇಷನ್ನಿನಲ್ಲಿ ಇದ್ದಾಳೆಂಬ ಒಂದೇ ಕಾರಣಕ್ಕೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. ಪಿಎಫ್, ಇಎಸ್‌ಐ ಅನ್ವಯವಾಗುವ ಅಂಗಡಿಗಳಲ್ಲಿ ಅವು ಮೊದಲ ದಿನದಿಂದಲೇ ಅನ್ವಯ. ಹಾಗಾದರೆ 'ಕಾಯಂ ಆದಮೇಲೆ ಪಿಎಫ್ ಮಾಡಿಸ್ತೀವಿ' ಎನ್ನುವ ಮಾತು ಎಲ್ಲಿಂದ ಬಂತು? ಕೇಳುವವರಿಲ್ಲ ಎಂಬ ಧೈರ್ಯದಿಂದ ಬಂತು. ಕಾಗದವಿಲ್ಲದವಳು ತಾನು ಎಂದು ಸೇರಿದೆ ಎಂಬುದನ್ನೇ ಸಾಬೀತು ಮಾಡಲಾರಳು. ಆರು ತಿಂಗಳ ರಕ್ಷಣೆ ಆ ಒಂದು ಹಾಳೆಯ ಮೇಲೆ ನಿಂತಿದೆ. ಆ ಹಾಳೆಯನ್ನೇ ಕೊಡದಿದ್ದರೆ ಕಾಯ್ದೆ ಇದ್ದೂ ಇಲ್ಲದಂತೆ.

ಇನ್ನು ಸಮಯಪಾಲನೆಯ ಮಾತು. ಪ್ರೊಬೇಷನ್ನಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಳತೆಗೋಲು ಇದೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹಳ್ಳಿಯ ಹುಡುಗಿಯರಿಗೆ ಪಟ್ಟಣದ ಕೆಲಸ ಲೆಕ್ಕಕ್ಕೆ ಸಿಗುವಂತಾಯಿತು. ಸಂಬಳದಲ್ಲಿ ಒಂದು ಪಾಲು ಟಿಕೆಟ್ಟಿಗೇ ಹೋಗುವುದು ತಪ್ಪಿತು. ಆದರೆ ಶಕ್ತಿ ಟಿಕೆಟ್ಟನ್ನು ತೆಗೆಯಿತೇ ಹೊರತು ದಾರಿಯನ್ನು ಬದಲಿಸಲಿಲ್ಲ. ಆಲೂರು, ಸಕಲೇಶಪುರದ ಹಳ್ಳಿಗಳಲ್ಲಿ ಬೆಳಗಿನ ಬಸ್ಸಿಗೆ ಹೊರಡುವ ಮೊದಲು ಮೊಬೈಲಿನಲ್ಲಿ ಆನೆ ಎಲ್ಲಿದೆ ಎಂದು ನೋಡಬೇಕು. ಅರಣ್ಯ ಇಲಾಖೆಯ ಸಂದೇಶ ಬಂದಿದ್ದರೆ ಬೆಳಕು ಹರಿಯುವವರೆಗೆ ತೋಟದ ದಾರಿಗೆ ಇಳಿಯುವಂತಿಲ್ಲ. 2023ರ ಡಿಸೆಂಬರಿನಲ್ಲಿ ದಸರಾ ಅಂಬಾರಿ ಹೊತ್ತ ಅರ್ಜುನ ಯಸಳೂರಿನ ಕಾಡಿನಲ್ಲಿ ಕಾಡಾನೆಯ ಎದುರು ಸತ್ತಾಗ ನಾಡೆಲ್ಲ ಅತ್ತಿತು. ಅದೇ ಸೀಮೆಯಲ್ಲಿ ಪ್ರತಿದಿನ ಬಸ್ಸಿಗೆ ನಡೆದು ಬರುವವರಿದ್ದಾರೆ ಎಂಬುದು ಹಾಜರಿ ಪುಸ್ತಕಕ್ಕೆ ಗೊತ್ತಿಲ್ಲ. ಮಳೆಗಾಲದಲ್ಲಿ ರಾಷ್ಟ್ರೀಯ ಹೆದ್ದಾರಿ 75ರ ಕಥೆ ಬೇರೆ. 2024ರ ಜುಲೈನಲ್ಲಿ ದೊಡ್ಡತಪ್ಲು ಬಳಿ ಗುಡ್ಡ ಕುಸಿದಾಗ ಲಾರಿಗಳೇ ಸಾಲುಗಟ್ಟಿ ನಿಂತಿದ್ದವು. ಇಪ್ಪತ್ತು ನಿಮಿಷ ತಡವಾಗಿ ಬಂದವಳ ಹೆಸರಿನ ಮುಂದೆ ಕೆಂಪು ಗುರುತು ಬೀಳುತ್ತದೆ. ಅದು ಅವಳ ನಡತೆಯ ಅಂಕವೋ, ಈ ಬೆಟ್ಟಗಳ ಅಂಕವೋ?

ನಿಲ್ಲುವುದೂ ಒಂದು ಅಂಕ. ಗಿರಾಕಿ ಇಲ್ಲದ ಹೊತ್ತಲ್ಲೂ ಕೂತರೆ ಸೋಮಾರಿ. ಕೋಳಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿ ಹೆಂಗಸರು ಪಿ. ವಿಜಿ ಅವರ ಜೊತೆ ಸೇರಿ ಕೂರುವ ಹಕ್ಕಿಗಾಗಿ ಹೋರಾಡಿದರು. 2018ರಲ್ಲಿ ಕೇರಳ, 2021ರಲ್ಲಿ ತಮಿಳುನಾಡು ತಮ್ಮ ಅಂಗಡಿ ಕಾಯ್ದೆಗಳಿಗೆ ತಿದ್ದುಪಡಿ ತಂದು ಕೆಲಸಗಾರರಿಗೆ ಕೂರಲು ಆಸನ ಇರಬೇಕೆಂದವು. ಒಂದು ಸ್ಟೂಲಿಗಾಗಿ ವಿಧಾನಸಭೆಯವರೆಗೆ ಹೋಗಬೇಕಾಯಿತು. ಆದರೆ ಹೋಗಿ ತಂದರು. ಇದನ್ನು ಮರೆಯಬಾರದು.

ಅಂಗಡಿಯವರ ಮಾತನ್ನೂ ಕೇಳೋಣ. ಸಕಲೇಶಪುರದ ಬಟ್ಟೆ ವ್ಯಾಪಾರಿ ಅಂಬಾನಿಯಲ್ಲ. ಆನ್‌ಲೈನಿನವರು ಗಿರಾಕಿಗಳನ್ನು ಎಳೆದಿದ್ದಾರೆ, ಬಾಡಿಗೆ ಏರಿದೆ, ಮಳೆಗಾಲದಲ್ಲಿ ದಿನದ ಬೋಣಿಯೇ ಮಧ್ಯಾಹ್ನಕ್ಕೆ ಆಗುತ್ತದೆ. ಕೆಲಸ ಕಲಿಸಿದ ಮೇಲೆ ಹುಡುಗಿಯರು ಹಾಸನಕ್ಕೋ ಬೆಂಗಳೂರಿಗೋ ಹೋಗುತ್ತಾರೆ. ಇದೆಲ್ಲ ನಿಜ. ಗೊತ್ತಿಲ್ಲದವರನ್ನು ಗಲ್ಲದ ಮೇಲೆ ಕೂರಿಸುವ ಮೊದಲು ಕೆಲವು ತಿಂಗಳು ನೋಡುವುದೂ ತಪ್ಪಲ್ಲ. ಆದರೆ ಸೀಸನ್ನಿಗೆ ಮಾತ್ರ ಜನ ಬೇಕಾಗಿದ್ದರೆ 'ಸೀಸನ್ ಕೆಲಸ, ಇಷ್ಟು ತಿಂಗಳು, ಇಷ್ಟು ಸಂಬಳ' ಎಂದು ಮೊದಲೇ ಬರೆದು ಕೊಡಬಹುದಲ್ಲ? ಕೊಯ್ಲಿಗೆ ಜನ ಕರೆಯುವ ತೋಟದವನು ಕಾಯಂ ಮಾಡುತ್ತೇನೆಂದು ಆಸೆ ಹುಟ್ಟಿಸುವುದಿಲ್ಲ. ವ್ಯಾಪಾರದ ಏರಿಳಿತವನ್ನು ಕೆಲಸದವಳ ಯೋಗ್ಯತೆಯ ಲೆಕ್ಕಕ್ಕೆ ಬರೆಯುವುದೇ ಅನ್ಯಾಯ. ನಷ್ಟ ಅಂಗಡಿಯದು, ಅವಮಾನ ಅವಳದು.

ತೋಟದ ಮಾತು ಬಂತು. ನನ್ನ ಅಜ್ಜಿಯ ಕಾಲದ ಹೆಂಗಸರು ಲೈನ್ ಮನೆಗಳಲ್ಲಿದ್ದರು, ಮೇಸ್ತ್ರಿಯ ಬೈಗುಳ ತಿಂದರು, ರೈಟರ್ ಹಾಜರಿ ಬರೆಯುವಾಗ ಕೈಕಟ್ಟಿ ನಿಂತರು. ಆ ಬದುಕನ್ನು ಹಾಡಿ ಹೊಗಳುವ ಹುಚ್ಚು ನನಗಿಲ್ಲ. ಆದರೂ 1951ರ ತೋಟ ಕಾರ್ಮಿಕರ ಕಾಯ್ದೆ ಮನೆ, ಚಿಕಿತ್ಸೆ, ಕೂಸುಗಳನ್ನು ನೋಡಿಕೊಳ್ಳುವ ಜಾಗ ಇವೆಲ್ಲ ಮಾಲೀಕನ ಹೊಣೆ ಎಂದಿತ್ತು. ಎಲ್ಲ ತೋಟಗಳಲ್ಲೂ ಸಿಕ್ಕಿತೆಂದಲ್ಲ, ಆದರೆ ಕೇಳಲು ಒಂದು ಭಾಷೆ ಇತ್ತು, ಯೂನಿಯನ್ ಇತ್ತು. ತೋಟದಿಂದ ಪಟ್ಟಣದ ಎಸಿ ಅಂಗಡಿಗೆ ಬಂದ ಮೊಮ್ಮಗಳನ್ನು ನಾವು 'ಮುಂದೆ ಬಂದಳು' ಎನ್ನುತ್ತೇವೆ. ಅವಳಿಗೆ ಯೂನಿಫಾರ್ಮ್ ಇದೆ, ಕೊರಳಲ್ಲಿ ಟ್ಯಾಗ್ ಇದೆ. ಅಜ್ಜಿಗಿದ್ದ ಹಾಜರಿ ಚೀಟಿಯಷ್ಟು ಗಟ್ಟಿಯಾದ ಕಾಗದವೂ ಕೈಯಲ್ಲಿಲ್ಲ.

ಇದನ್ನು ಸಾಹಿತ್ಯದ ಪತ್ರಿಕೆಯಲ್ಲಿ ಏಕೆ ಬರೆಯುತ್ತೀಯ ಎಂದು ಗೆಳೆಯರು ಕೇಳಿದರು. ಇಲ್ಲಿಯೇ ಬರೆಯಬೇಕು. ನಮ್ಮ ಸಾಹಿತ್ಯ ಶಿಬಿರಗಳು ಇದೇ ಗುಡ್ಡಗಳ ಹೋಂಸ್ಟೇಗಳಲ್ಲಿ ನಡೆಯುತ್ತವೆ. ಮಂಜರಾಬಾದ್ ಕೋಟೆಯ ಮೇಲಿನ ಮಂಜು, ಹೇಮಾವತಿ, ಕಾಫಿ ಹೂವಿನ ಘಮ ಎಲ್ಲ ನಮ್ಮ ಕವಿತೆಗಳಿಗೆ ಬಂದಾಗಿದೆ. ಹಿಂದಿರುಗುವಾಗ ಹೆದ್ದಾರಿ ಬದಿಯ ಅಂಗಡಿಯಲ್ಲಿ ಕಾಫಿಪುಡಿ, ಏಲಕ್ಕಿ ಕಟ್ಟಿಸಿಕೊಳ್ಳುತ್ತೇವೆ. ಕಟ್ಟಿ ಕೊಟ್ಟವಳು ಎಷ್ಟನೆಯ ತಿಂಗಳಿನಲ್ಲಿದ್ದಾಳೆ ಎಂಬುದು ನಮ್ಮ ಮಲೆನಾಡಿನೊಳಗೆ ಸೇರುವುದಿಲ್ಲ.

ನಾಳೆ ನಮ್ಮಲ್ಲಿ ಹಲವರು ವರ್ಷ ವರ್ಷ ಹೊಸದಾಗಿ ನೇಮಕವಾಗುವ ಅತಿಥಿ ಉಪನ್ಯಾಸಕರಾಗುತ್ತೇವೆ. ಡಾಕ್ಟರೇಟ್ ಇದ್ದರೂ ಪ್ರತಿ ಸಾಲಿನಲ್ಲಿ ಹೊಸಬರು. ಸೀರೆ ಮಡಚುವವಳಿಗೂ ನಮಗೂ ಇರುವ ಅಂತರ ನಾವು ಅಂದುಕೊಂಡಷ್ಟಿಲ್ಲ.

ಆದ್ದರಿಂದ ಅಕ್ಕಂದಿರು, ಚಿಕ್ಕಮ್ಮಂದಿರು ಹೇಳುವ ಬುದ್ಧಿಮಾತಿಗೆ ನಾನು ನಾಲ್ಕು ಸೇರಿಸುತ್ತೇನೆ. ಸೇರಿದ ತಿಂಗಳೊಳಗೆ ನೇಮಕಾತಿ ಪತ್ರ ಕೇಳು. ಕೊಡದಿದ್ದರೆ ಸೇರಿದ ತಾರೀಖು, ಸಂಬಳ ಬಂದ ತಾರೀಖು ನೀನೇ ಬರೆದಿಡು. ಸಂಬಳ ಬ್ಯಾಂಕಿಗೇ ಹಾಕಲು ಹೇಳು, ಪಾಸ್‌ಬುಕ್ಕೂ ಒಂದು ಸಾಕ್ಷಿ. ಬರಬೇಡ ಎಂದ ದಿನ ಕಾರಣ ಏನೆಂದು ಕೇಳು. ಒಬ್ಬಳೇ ಕೇಳಲು ಹೆದರಿಕೆಯಾದರೆ ನಾಲ್ವರು ಒಟ್ಟಿಗೆ ಕೇಳಿ. ಕಾರ್ಮಿಕ ಇಲಾಖೆಗೆ ನನ್ನ ಬೇಡಿಕೆ ಇನ್ನೂ ಚಿಕ್ಕದು: ಮಳೆಗಾಲ ಶುರುವಾಗುವ ಮೊದಲು ಒಂದು ದಿನ ಬಂದು, ಪೇಟೆಯ ಅಂಗಡಿಗಳಲ್ಲಿ ಎಷ್ಟು ಜನರ ಕೈಯಲ್ಲಿ ಆ ಹಾಳೆ ಇದೆ ಎಂದು ನೋಡಿ ಹೋಗಲಿ. ಆರು ತಿಂಗಳು ನೋಡುವ ಹಕ್ಕು ಅಂಗಡಿಯವರಿಗಿದ್ದರೆ, ಒಂದು ದಿನ ಅಂಗಡಿಯನ್ನು ನೋಡುವ ಹಕ್ಕು ಊರಿಗೂ ಇರಬೇಕು.