ಚಿಗರಿ ಯಾರ ಖಾತೆಗೆ?

ಕಳೆದ ತಿಂಗಳು ನಮ್ಮ ಸಂಘದ ಚರ್ಚಾಕೂಟದಲ್ಲಿ ಗೆಳೆಯನೊಬ್ಬ, "ಜಿಂಕೆ ಉಳೀಬೇಕಾದ್ರೆ ಬೇಟೆಗಾರರನ್ನ ಜೈಲಿಗೆ ಹಾಕಿದ್ರೆ ಸಾಕು" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆದರೆ ಲೋಕಲ್‌ನಲ್ಲಿ ನಿಂತುಕೊಂಡು ಡೊಂಬಿವಲಿಗೆ ಬರುವಾಗ ನಮ್ಮ ಕಾಕಾನ ಹೊಲ ನೆನಪಾಗಿ, ತಟ್ಟಿದ್ದು ತಪ್ಪಾಯಿತೇನೋ ಅನ್ನಿಸಿತು. ಅದಕ್ಕೇ ಈ ನಾಲ್ಕು ಮಾತು.

ಆ ಹೊಲ ಇರುವುದು ರಾಣೆಬೆನ್ನೂರಿನ ಹತ್ತಿರ. ಅಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವಾಯಿತು. ವಿಸ್ತಾರ 119 ಚದರ ಕಿಲೋಮೀಟರ್. ಕೃಷ್ಣಮೃಗಕ್ಕೆ ನಮ್ಮ ಕಡೆ ಚಿಗರಿ ಅನ್ನುತ್ತಾರೆ. ಶಾಸ್ತ್ರದ ಪ್ರಕಾರ ಅದು ಜಿಂಕೆಯಲ್ಲ. ಜಿಂಕೆಯ ಕೋಡು ಉದುರಿ ಮತ್ತೆ ಬರುತ್ತದೆ, ಚಿಗರಿಯದು ಉದುರುವುದಿಲ್ಲ. ಬೆಳೆ ತಿನ್ನುವಾಗ ಮಾತ್ರ ಈ ವ್ಯತ್ಯಾಸ ಯಾರಿಗೂ ಕಾಣದು!

ಚಿಗರಿ ಬಯಲಿನ ಪ್ರಾಣಿ. ಅದಕ್ಕೆ ಹುಲ್ಲು ಬೇಕು, ವೈರಿಯನ್ನು ದೂರದಿಂದಲೇ ಕಂಡು ಓಡಲು ತೆರೆದ ನೆಲ ಬೇಕು. ಅಭಯಾರಣ್ಯದಲ್ಲಿ ಬಹುಪಾಲು ಬೆಳೆಸಿದ್ದು ನೀಲಗಿರಿ. ಅದು ದಟ್ಟವಾದ ಕಡೆ ಹುಲ್ಲು ಬಡವಾಗುತ್ತದೆ. ಬೇಲಿಯಾಚೆ ಕಾಕಾನ ಗೋವಿನಜೋಳ ಹಸಿರಾಗಿ ನಿಂತಿರುತ್ತದೆ. ಚಿಗರಿ ಏನು ಮಾಡಬೇಕು? ಹೊಲಕ್ಕಿಳಿಯುತ್ತದೆ.

ನಾನು ವಾಣಿಜ್ಯದ ವಿದ್ಯಾರ್ಥಿ, ಜಮಾ-ಖರ್ಚಿನ ಭಾಷೆಯಲ್ಲೇ ಹೇಳುತ್ತೇನೆ. ಚಿಗರಿ ಜಮಾ ಆಗುವುದು ಸರಕಾರದ ಪುಸ್ತಕದಲ್ಲಿ, ಅದರ ಮೇವಿನ ಖರ್ಚು ಬೀಳುವುದು ಕಾಕಾನ ಪುಸ್ತಕದಲ್ಲಿ. ಇಂಥ ಲೆಕ್ಕ ತಾಳೆಯಾಗುವುದು ಹೇಗೆ? ಒಂದು ವರ್ಷ ಕಾಕಾ ಪರಿಹಾರಕ್ಕೆ ಅರ್ಜಿ ಕೊಟ್ಟರು. ನೋಡುವವರು ಬರುವ ಹೊತ್ತಿಗೆ ಬೆಳೆ ಕಟಾವಾಗಿತ್ತು.

ಇನ್ನು ಬೇಟೆಯ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಚಿಗರಿ ಇದೆ. ಕೊಂದವನಿಗೆ 3ರಿಂದ 7 ವರ್ಷ ಸೆರೆ. ಈ ಕಾನೂನು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಕಾನೂನಿಗೆ ಸಾಕ್ಷಿ ಬೇಕಲ್ಲ? ರಾತ್ರಿ ಹೊಲದ ಬದುವಿನಲ್ಲಿ ಉರುಲು ಹಾಕಿದವನನ್ನು ನೋಡುವವನು ರೈತನೊಬ್ಬನೇ. "ಕಾಕಾ, ಅಂಥವ ಕಣ್ಣಿಗೆ ಬಿದ್ರ ಹೇಳ್ತೀರೇನು?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಮ್ಮಾ, ನಾ ಎಂದೂ ಉರುಲು ಹಾಕಾಂವಲ್ಲ. ಆದ್ರ ಹೇಳಾಕ ಹೋಗೂದಿಲ್ಲ ನೋಡು" ಎಂದರು. ಕಾಕಾ ಕ್ರೂರಿಯಲ್ಲ, ದಣಿದವರು. ಬೇಟೆಗಾರನಿಗೆ ಈ ದಣಿವೇ ರಕ್ಷಣೆ.

ರಾಜಸ್ಥಾನದಲ್ಲಿ ಬೇರೆ ತರಹ ಆಯಿತು. 1998ರಲ್ಲಿ ಜೋಧಪುರದ ಬಳಿ ಚಿಗರಿ ಕೊಂದ ಪ್ರಕರಣದಲ್ಲಿ ಬಿಷ್ಣೋಯಿ ಹಳ್ಳಿಗರು ಸಾಕ್ಷಿ ಹೇಳಲು ನಿಂತರು. 2018ರಲ್ಲಿ ಹೆಸರಾಂತ ನಟನಿಗೇ 5 ವರ್ಷದ ಶಿಕ್ಷೆಯ ತೀರ್ಪು ಬಂತು. (ಮೇಲ್ಮನವಿಯ ಮಾತು ಬೇರೆ.) ಅವರು ಧರ್ಮವೆಂದು ನಷ್ಟ ಸಹಿಸುತ್ತಾರೆ. ಸಾಲ ಮಾಡಿ ಬಿತ್ತಿದ ರಾಣೆಬೆನ್ನೂರಿನ ರೈತ ಪುಕ್ಕಟೆ ಸಹಿಸಬೇಕೆಂದು ಕೇಳಲು ನಮಗೇನು ಹಕ್ಕು?

ಅಭಯಾರಣ್ಯದೊಳಗೆ ನೀಲಗಿರಿ ಹಂತಹಂತವಾಗಿ ತೆಗೆದು ಹುಲ್ಲಿಗೆ ಜಾಗ ಬಿಡಲಿ. ಬೆಳೆ ನಿಂತಿರುವಾಗಲೇ ನಷ್ಟ ಅಳೆದು ಹಣ ಕೊಡಲಿ. ಆಗ ಕಾಕಾ ತಾವಾಗಿಯೇ ಬಾಯಿ ಬಿಟ್ಟಾರು.

ಇದು ಊರ ಕಡೆಯ ಕಥೆ, ನಮಗೇನು ಎನ್ನಬೇಡಿ. ಠಾಣೆಯ ಯೇವೂರು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಮಗ್ಗುಲಲ್ಲೇ ಇದೆ. ಅಲ್ಲಿಗೆ ನಾವು ಪಿಕ್ನಿಕ್ ಹೋಗುತ್ತೇವೆ, ಉಳಿದ ಊಟ ಚೆಲ್ಲಿ ಬರುತ್ತೇವೆ. ಊಟಕ್ಕೆ ನಾಯಿ ಬರುತ್ತವೆ. ನಾಯಿ ಚುಕ್ಕೆಜಿಂಕೆಯನ್ನು ಅಟ್ಟುತ್ತವೆ, ನಾಯಿಗಾಗಿ ಚಿರತೆ ಊರಿಗೆ ಬರುತ್ತದೆ. ಬಂದೂಕು ಹಿಡಿಯದೆಯೂ ಬೇಟೆಯಲ್ಲಿ ಪಾಲುದಾರರಾಗಬಹುದು, ಗೆಳೆಯರೆ.

ಮುಂದಿನ ಸಲ ಚಪ್ಪಾಳೆಗೆ ಮೊದಲು ನಾನಂತೂ ಸ್ವಲ್ಪ ತಡೆಯುತ್ತೇನೆ.