ನೆಲದ ಮೇಲೆ ಹೊರಿಸಿದ ಸುಳ್ಳು ದೂರು

ನಮ್ಮ ನಾಡಿನ ವಿದ್ಯಾವಂತರಲ್ಲಿ ವಿಚಿತ್ರವಾದ ಅಭ್ಯಾಸವೊಂದು ಬೇರೂರಿದೆ. ಊರಿಗೆ ನೀರಿಲ್ಲವೆಂದು ಯಾರಾದರೂ ಹೇಳಿದೊಡನೆಯೇ ಇವರು ಭೂಗೋಳದ ಪುಸ್ತಕವನ್ನು ತೆರೆಯುತ್ತಾರೆ. “ನಮ್ಮದು ಉಷ್ಣದೇಶ, ನಮ್ಮಲ್ಲಿ ಮಳೆ ಸಾಲದು, ಜನರೋ ವಿಪರೀತ. ಪರದೇಶದವರ ಭಾಗ್ಯ ನಮಗೆಲ್ಲಿಯದು?” ಎಂದು ಮೂರು ಮಾತುಗಳನ್ನಾಡಿ, ನಿಟ್ಟುಸಿರೊಂದನ್ನು ಬಿಟ್ಟು ಮನೆಗೆ ಹೋಗುತ್ತಾರೆ. ಹಿನಕಲ್ಲಿನ ನಿವಾಸಿಯಾದ ನಾನು ಈ ಮೂರು ಮಾತುಗಳನ್ನು ಕೇಳಿ ಬೇಸತ್ತಿದ್ದೇನೆ. ಬಾಯಿಲ್ಲದ ಪ್ರತಿವಾದಿಯ ಮೇಲೆ ದೂರು ಹೊರಿಸುವುದು ಬಹು ಸುಲಭವೆಂಬುದನ್ನು ವಕೀಲಿ ವೃತ್ತಿ ನನಗೆ ಕಲಿಸಿದೆ. ನೆಲಕ್ಕೆ ಬಾಯಿಲ್ಲ, ಮುಗಿಲಿಗೂ ಬಾಯಿಲ್ಲ. ಅವುಗಳ ಪರವಾಗಿ ಇಂದು ನಾನೇ ವಕಾಲತ್ತು ಹಿಡಿಯುತ್ತೇನೆ.

ಮೊದಲನೆಯ ದೂರು ಉಷ್ಣದ್ದು. ಬಿಸಿಲ ನಾಡಿನವರು ಸ್ವಭಾವತಃ ಆಲಸಿಗಳೆಂಬ ಸಿದ್ಧಾಂತವನ್ನು ಫ್ರಾನ್ಸಿನ ಮಾಂಟೆಸ್ಕ್ಯೂ 1748ರಲ್ಲಿಯೇ ಬರೆದಿಟ್ಟನು. ಯೂರೋಪಿನವರು ಅದನ್ನು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಅನ್ಯರನ್ನು ಆಳಹೊರಟವರಿಗೆ ಅದು ಅನುಕೂಲವಾದ ಮಾತು. ನಾವೂ ನಂಬಿದೆವಲ್ಲ, ಅದೇ ಆಶ್ಚರ್ಯ! ಸಿಂಗಾಪುರವು ಭೂಮಧ್ಯರೇಖೆಗೆ ಕೇವಲ ಒಂದು ಡಿಗ್ರಿಯಷ್ಟು ದೂರದಲ್ಲಿದೆ. ಮೈಸೂರು ಹನ್ನೆರಡು ಡಿಗ್ರಿ ಉತ್ತರಕ್ಕಿದೆ. ಅದೂ ಸಮುದ್ರಮಟ್ಟಕ್ಕಿಂತ ಸುಮಾರು 770 ಮೀಟರ್ ಎತ್ತರದ ತಂಪು ನೆಲದಲ್ಲಿದೆ. ಉಷ್ಣವೇ ಆಲಸ್ಯಕ್ಕೆ ಕಾರಣವಾಗಿದ್ದರೆ ಸಿಂಗಾಪುರದವರು ನಮಗಿಂತ ಮೊದಲೇ ಮಲಗಬೇಕಾಗಿತ್ತು. ಅವರಾದರೋ ತಮ್ಮ ದ್ವೀಪದ ಮೂರನೆಯ ಎರಡು ಪಾಲು ನೆಲವನ್ನು ಮಳೆನೀರು ಹಿಡಿಯುವ ಪಾತ್ರೆಯನ್ನಾಗಿ ಮಾಡಿಕೊಂಡಿದ್ದಾರೆ.

ಎರಡನೆಯ ದೂರು ಮಳೆಯದು. ಇಲ್ಲಿ ಉಪಾಧ್ಯಾಯ ಮಹಾಶಯರು ಸ್ವಲ್ಪ ಕಿವಿಗೊಡಬೇಕು. ಲಂಡನ್ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಮೈಸೂರಿನಲ್ಲಿ ಬೀಳುವುದು ಸುಮಾರು 800. ಸದಾ ಜಿನುಗುವ ಊರೆಂದು ಪ್ರಸಿದ್ಧವಾದ ಲಂಡನ್ನಿಗಿಂತ ನಮಗೇ ಹೆಚ್ಚು! ಭೇದವಿರುವುದು ಮೊತ್ತದಲ್ಲಲ್ಲ, ಕಾಲದಲ್ಲಿ. ಅಲ್ಲಿ ಹನ್ನೆರಡು ತಿಂಗಳೂ ತುಂತುರು ತುಂತುರಾಗಿ ಬೀಳುತ್ತದೆ, ಬಿಸಿಲು ಅದನ್ನು ಬೇಗನೆ ಹೀರುವುದಿಲ್ಲ. ಇಲ್ಲಿ ಮೇ ತಿಂಗಳಿನಿಂದ ಅಕ್ಟೋಬರಿನೊಳಗೆ ಬಹುಪಾಲು ಸುರಿದು ಹರಿದುಹೋಗುತ್ತದೆ. ಉಳಿದದ್ದನ್ನು ಬಿಸಿಲು ಕುಡಿಯುತ್ತದೆ. ಬಿದ್ದಾಗ ಹಿಡಿದಿಡದವನಿಗೆ ಬೇಸಗೆಯಲ್ಲಿ ಬಾಯಾರಿಕೆಯೇ ಗತಿ. ನಮ್ಮ ಹಿರಿಯರು ಈ ಲೆಕ್ಕವನ್ನು ಯಾವ ಕಾಲೇಜಿನಲ್ಲಿಯೂ ಓದದೆ ಅರಿತಿದ್ದರು. ಆದುದರಿಂದಲೇ ಕರ್ನಾಟಕದಲ್ಲಿ ಮೂವತ್ತಾರು ಸಾವಿರಕ್ಕೂ ಮಿಕ್ಕಿ ಕೆರೆಗಳಾದುವು. ಕೆರೆಯೆಂದರೆ ನಮ್ಮ ಹವೆಗೆ ನಾವು ಕೊಟ್ಟ ಉತ್ತರ.

ಮೂರನೆಯ ದೂರು ಜನಸಂಖ್ಯೆಯದು. 2011ರ ಜನಗಣತಿಯಂತೆ ಕರ್ನಾಟಕದ ಜನ 6 ಕೋಟಿ 11 ಲಕ್ಷ. ಚದರ ಕಿಲೋಮೀಟರಿಗೆ 319 ಮಂದಿ. ಜಪಾನಿನ ಜನಸಾಂದ್ರತೆಯೂ ಹೆಚ್ಚುಕಡಮೆ ಇಷ್ಟೇ. ಮೈಸೂರು ಜಿಲ್ಲೆಯಲ್ಲಿ 476 ಮಂದಿ. ಡಚ್ಚರ ನೆದರ್ಲೆಂಡ್ಸ್ ದೇಶದಲ್ಲಿ ಐನೂರಕ್ಕೂ ಹೆಚ್ಚು. ಹಾಗಾದರೆ ಅವರಿಗಿಂತ ನಮ್ಮಲ್ಲಿ ನೂಕುನುಗ್ಗಲೆಂದು ಅಳುವುದೇತಕ್ಕೆ?

ಸರಾಸರಿಯೆಂಬುದು ನಂಬತಕ್ಕ ಸಾಕ್ಷಿಯೂ ಅಲ್ಲ. ಈಜಿಪ್ಟಿನ ಸರಾಸರಿ ಸಾಂದ್ರತೆಯು ಕಾಡುಬೆಟ್ಟಗಳ ನಮ್ಮ ಕೊಡಗಿನ 135ಕ್ಕಿಂತ ಕಡಮೆ. ಆದರೆ ಅಲ್ಲಿನ ಜನರೆಲ್ಲರೂ ಬಹುಮಟ್ಟಿಗೆ ನೈಲ್ ನದಿಯ ಇಕ್ಕೆಲದ ಕಿರುಪಟ್ಟಿಯಲ್ಲಿಯೇ ಕಿಕ್ಕಿರಿದಿದ್ದಾರೆ. ನಮ್ಮಲ್ಲಿಯೇ ಕೊಡಗಿಗೆ 135 ಆದರೆ ಬೆಂಗಳೂರು ನಗರ ಜಿಲ್ಲೆಗೆ 4,381. ಆಗುಂಬೆಯಲ್ಲಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಚಳ್ಳಕೆರೆಯಲ್ಲಿ 500 ಕೂಡ ಇಲ್ಲ. 1956ರಲ್ಲಿ ಒಂದಾದ ಈ ಒಂದೇ ನಾಡಿನಲ್ಲಿ ಹಲವು ದೇಶಗಳ ಹವೆ ಅಡಗಿದೆ. ಇವೆಲ್ಲವನ್ನೂ ಕೂಡಿಸಿ ಭಾಗಿಸಿ ಬಂದ ಅಂಕಿಯಿಂದ ಯಾವ ಹಳ್ಳಿಯ ಬಾವಿಯೂ ತುಂಬದು.

ಇನ್ನು ನಿಜವಾಗಿ ಹೋಲಿಸಬೇಕಾದುದನ್ನು ಹೋಲಿಸೋಣ. ಡಚ್ಚರ ನೆಲದ ಸುಮಾರು ಕಾಲುಭಾಗವು ಸಮುದ್ರಮಟ್ಟಕ್ಕಿಂತ ಕೆಳಗಿದೆ. ಪ್ರಕೃತಿಯನ್ನು ಶಪಿಸುವ ಹಕ್ಕು ಯಾರಿಗಾದರೂ ಇದ್ದರೆ ಅದು ಅವರಿಗೇ ಇರಬೇಕು. ಅವರು ಶಪಿಸಲಿಲ್ಲ, ಹದಿಮೂರನೆಯ ಶತಮಾನದಿಂದಲೇ ಊರೂರಿನವರು ಸೇರಿ ನೀರಿನ ಮಂಡಲಿಗಳನ್ನು ಕಟ್ಟಿಕೊಂಡರು. ಒಡ್ಡನ್ನು ಕಾಯುವುದು, ಕಾಲುವೆಯ ಹೂಳೆತ್ತುವುದು, ಅದಕ್ಕಾಗಿ ತೆರಿಗೆ ಕೊಡುವುದು ಇವೆಲ್ಲವೂ ಪ್ರಜೆಗಳ ಕರ್ತವ್ಯವಾಯಿತು. 1953ರ ಪ್ರವಾಹದಲ್ಲಿ ಅಲ್ಲಿ ಸಾವಿರದ ಎಂಟುನೂರಕ್ಕೂ ಹೆಚ್ಚು ಜನ ಮಡಿದರು. ಒಡನೆಯೇ ದಶಕಗಳ ಕಾಲ ನಡೆದ ಮಹಾನಿರ್ಮಾಣಕ್ಕೆ ಅವರು ಕೈಹಾಕಿದರು. ಅವರ ನೀರಿನ ಮಂಡಲಿಗಳು ಇಂದಿಗೂ ಜೀವಂತವಾಗಿವೆ. ನಮ್ಮಲ್ಲಿಯೂ ಕೆರೆಯ ತೂಬು ನೋಡುವ ನೀರುಗಂಟಿಯಿದ್ದನು, ಹೂಳೆತ್ತುವ ಊರಿತ್ತು. ಅವರು ಉಳಿಸಿಕೊಂಡರು, ನಾವು ಕಳೆದುಕೊಂಡೆವು. ಉಭಯ ದೇಶಗಳ ಅಂತರವಿರುವುದು ಇಲ್ಲಿ, ಅಕ್ಷಾಂಶದಲ್ಲಲ್ಲ.

ದೂರದ ಮಾತೇಕೆ? ಹುಣಸೂರು ರಸ್ತೆಯ ನಮ್ಮ ಹಿನಕಲ್ಲನ್ನೇ ನೋಡಿರಿ. ಮೈಸೂರಿನ ಪಶ್ಚಿಮದ ಈ ಎತ್ತರದ ನೆಲದಿಂದ ಇಳಿದ ಮಳೆನೀರು ಪೂರ್ಣಯ್ಯನ ಹೆಸರಿನ ಕಾಲುವೆಯಲ್ಲಿ ಹರಿದು ಕುಕ್ಕರಹಳ್ಳಿ ಕೆರೆಯನ್ನು ಸೇರುತ್ತಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಆ ಕೆರೆ ಇಂದೂ ನಗರದ ಕಣ್ಣಿನಂತಿದೆ. ಕಣ್ಣಿಗೆ ನೀರು ತರುವ ನಾಳವನ್ನೋ ಬಡಾವಣೆಗಳು ಅಲ್ಲಲ್ಲಿ ನುಂಗಿಬಿಟ್ಟಿವೆ. ಹಳ್ಳಿಯಾಗಿದ್ದ ಹಿನಕಲ್ ಹೂಟಗಳ್ಳಿ ನಗರಸಭೆಗೆ ಸೇರಿತು, ವರ್ತುಲ ರಸ್ತೆ ಬಂದಿತು, ಮೇಲ್ಸೇತುವೆ ಎದ್ದಿತು. ಇದು ಸಂತೋಷದ ಸಂಗತಿಯೇ. ಆದರೆ ನಮ್ಮ ಊರಕೆರೆಗೆ ಮಳೆಯ ನೀರಿಗೆ ಬದಲಾಗಿ ಚರಂಡಿಯ ನೀರು ಹರಿದದ್ದು ಯಾವ ದೇಶದ ಹವೆಯ ದೋಷ? ತಲೆಯ ಮೇಲೆ ಬಿದ್ದ ನೀರನ್ನು ಮೋರಿಗೆ ಬಿಟ್ಟು, ಕಾವೇರಿಯ ನೀರನ್ನು ಯಂತ್ರದಿಂದ ಮೇಲೆತ್ತಿ ತಂದು ಕುಡಿಯುವ ನಾವು “ಮಳೆ ಸಾಲದು” ಎನ್ನಲು ನಾಚಬೇಡವೇ?

ಕಾನೂನಿಲ್ಲವೆಂದು ಯಾರೂ ಹೇಳದಿರಲಿ. ಕೆರೆಕಟ್ಟೆಗಳು ಸಮುದಾಯದ ಸ್ವತ್ತು, ಅವನ್ನು ಕಾಪಾಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿಯೇ ಸ್ಪಷ್ಟಪಡಿಸಿದೆ. ಕರ್ನಾಟಕದ ಶಾಸನಸಭೆಯು 2014ರಲ್ಲಿ ಕೆರೆಗಳ ರಕ್ಷಣೆಗೆಂದೇ ಅಧಿನಿಯಮವನ್ನು ರಚಿಸಿದೆ. ಆದರೆ ದೂರು ಕೊಡುವವನಿಲ್ಲದ ಊರಿನಲ್ಲಿ ಕಾನೂನು ಕಪಾಟಿನ ಅಲಂಕಾರವಷ್ಟೆ.

ಉಪಾಧ್ಯಾಯರೇ, ನಿಮ್ಮಲ್ಲಿ ನನ್ನದೊಂದು ಪ್ರಾರ್ಥನೆ. ಭೂಗೋಳದ ಪಾಠದ ದಿನ ಮಕ್ಕಳನ್ನು ಊರಿನ ಕೆರೆಯ ಏರಿಗೆ ಕರೆದೊಯ್ಯಿರಿ. ನೀರು ಯಾವ ಕಡೆಯಿಂದ ಬರುತ್ತಿತ್ತು, ಈಗ ಎಲ್ಲಿ ತಡೆದಿದೆ ಎಂಬುದನ್ನು ಅವರ ಕೈಯಿಂದಲೇ ನಕ್ಷೆ ಬರೆಯಿಸಿರಿ. ನಾಗರಿಕ ಮಹನೀಯರೇ, ಆ ನಕ್ಷೆಯನ್ನು ಹಿಡಿದು ಕಚೇರಿಯ ಬಾಗಿಲಿಗೆ ನಡೆಯಿರಿ. ಅರ್ಜಿ ಬರೆಯಲು ವಕೀಲ ಬೇಕಾದರೆ ನಾನಿದ್ದೇನೆ. ಅಷ್ಟು ಮಾಡಿದ ಮೇಲೂ ಕೆರೆ ತುಂಬದಿದ್ದರೆ ಮುಗಿಲನ್ನು ಬಯ್ಯೋಣ. ಅಲ್ಲಿಯವರೆಗೆ ನೆಲದ ಮೇಲಿನ ಈ ಮೊಕದ್ದಮೆಯನ್ನು ವಜಾ ಮಾಡತಕ್ಕದ್ದು. ಅಪರಾಧಿಯ ಕಟಕಟೆಯಲ್ಲಿ ನಿಲ್ಲಬೇಕಾದವರು ನಾವೇ.